ನಕ್ಷೆಯಲ್ಲಿ ಬಿಟ್ಟ ಬಾಗಿಲು

ಕುಕ್ಕರಿನ ರಬ್ಬರ್ ರಿಂಗ್ ಸಡಿಲಾಗಿ ಸೀಟಿ ಹೊಡೆಯುವುದನ್ನೇ ನಿಲ್ಲಿಸಿತ್ತು. ಹೊಸದು ತರಲೆಂದು ಹೋದ ತಿಂಗಳು ಲಂಡನ್ನಿನ ಕಿಂಗ್ಸ್‌ಬರಿಯ ಪಾತ್ರೆ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಡಬ್ಬಿಯಿಂದ ಪಾಲಿಶ್ ತೆಗೆದು ಮರದ ಕೌಂಟರಿಗೆ ತಿಕ್ಕುತ್ತಿದ್ದ. ಜೇನುಮೇಣ, ಟರ್ಪೆಂಟೈನ್ ಬೆರೆತ ವಾಸನೆ. ಎಷ್ಟು ಲೀಟರಿನ ಕುಕ್ಕರು ಅಂತ ಎರಡು ಸಲ ಕೇಳಿದನಂತೆ, ನನಗೆ ಕೇಳಿಸಲೇ ಇಲ್ಲ. ನಾನಾಗಲೇ ಒಂದು ಹಳೆಯ ಚರ್ಚಿನ ಬೆಂಚುಗಳ ನಡುವೆ, ಕೈಯಲ್ಲಿ ಟೇಪು ಹಿಡಿದು, ಪಕ್ಕದ ಮನೆಯ ಅಜ್ಜನ ಜೊತೆ ನಿಂತಿದ್ದೆ.

ನಾವು ಇಲ್ಲೇ ಹತ್ತಿರದ ಹ್ಯಾರೋಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ನನ್ನವರು ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಧಾರವಾಡದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಸರ್ಕಾರಿ ಕಟ್ಟಡಗಳ ನಕ್ಷೆ ಬರೆಯುವ ಆಫೀಸಿನಲ್ಲಿ ಆರು ವರ್ಷ ದುಡಿದವಳು. ಇಲ್ಲಿಗೆ ಬಂದ ಮೇಲೆ ನನ್ನ ಡ್ರಾಯಿಂಗ್ ಬೋರ್ಡು ಮಗಳ ಹೋಮ್‌ವರ್ಕಿನ ಮೇಜಾಯಿತು. ಕೆಲಸ ಕೇಳಿದಲ್ಲೆಲ್ಲ ‘ಈ ದೇಶದ ಅನುಭವ ಇದೆಯೇ’ ಅನ್ನುತ್ತಿದ್ದರು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕೋ ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ನಮ್ಮದು ಜೋಡಿಮನೆ. ಗೋಡೆಯ ಆಚೆ ಅಜ್ಜ ಒಬ್ಬರೇ. ಬಡಗಿ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಬೇಲಿಯ ಮೇಲಿಂದ ಅವರು ತಮ್ಮ ಹಿತ್ತಲಿನ ಬೀನ್ಸ್ ಕೊಟ್ಟರೆ, ನಾನು ಶೇಂಗಾ ಚಟ್ನಿಪುಡಿ ಕೊಡುತ್ತಿದ್ದೆ. ಅದನ್ನವರು ಬೆಣ್ಣೆ ಹಚ್ಚಿದ ಟೋಸ್ಟಿನ ಮೇಲೆ ಉದುರಿಸಿಕೊಂಡು, ಮೂಗಿನಲ್ಲಿ ನೀರು ಸುರಿಸುತ್ತ ತಿನ್ನುತ್ತಿದ್ದರು. ನನ್ನ ಮಗಳು ಅಜ್ಜ ಅನ್ನಲು ಶುರುಮಾಡಿದಳು, ಆಮೇಲೆ ಮನೆಮಂದಿಗೆಲ್ಲ ಅವರು ಅಜ್ಜನೇ. ಅವರ ಇಂಗ್ಲಿಷ್ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ರಸ್ತೆಯ ತುದಿಯಲ್ಲಿದ್ದ ಪ್ರೆಸ್ಬಿಟೇರಿಯನ್ ಚರ್ಚಿನ ಬೀಗದ ಕೈ ಅಜ್ಜನ ಹತ್ತಿರ ಇರುತ್ತಿತ್ತು. ಅವರು ಹೇಳುತ್ತಿದ್ದ ಚರಿತ್ರೆ ಇಷ್ಟು. ಸುಮಾರು ನೂರೈವತ್ತು ವರ್ಷದ ಹಿಂದೆ ಇಲ್ಲೆಲ್ಲ ಬರೀ ಹುಲ್ಲುಗಾವಲು, ಲಂಡನ್ ಇನ್ನೂ ದೂರ. ಅಲ್ಲಿನ ಗಾಡಿ ಕುದುರೆಗಳಿಗೆ ಒಣಹುಲ್ಲು ಇಲ್ಲಿಂದಲೇ ಹೋಗುತ್ತಿತ್ತು. ಸ್ಕಾಟ್‌ಲ್ಯಾಂಡಿನಿಂದ ಬಂದು ಜಮೀನು ಹಿಡಿದ ನಾಲ್ಕಾರು ಕುಟುಂಬಗಳು ಸೇರಿ ಈ ಚರ್ಚು ಕಟ್ಟಿಸಿದವು. ಅವರಲ್ಲಿ ಬಿಷಪ್ ಅಂತ ಇಲ್ಲ, ಜನರೇ ಆರಿಸಿದ ಹಿರಿಯರು ಎಲ್ಲ ನೋಡಿಕೊಳ್ಳುತ್ತಾರೆ. ಅಜ್ಜನ ಮುತ್ತಜ್ಜ ಮೊದಲ ಭಾನುವಾರದಿಂದಲೂ ಆ ಚರ್ಚಿಗೆ ಬರುತ್ತಿದ್ದರಂತೆ. ಇದನ್ನು ಹೇಳುವಾಗ ಅಜ್ಜ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಮೊದಲ ಸಲ ಒಳಗೆ ಕರೆದುಕೊಂಡು ಹೋದಾಗ ನಾನು ಅಭ್ಯಾಸದಂತೆ ಚಪ್ಪಲಿ ಬಿಟ್ಟು ಹೋದೆ. ಕಲ್ಲಿನ ನೆಲ ಮಂಜುಗಡ್ಡೆ. ಒಳಗೆ ಎತ್ತ ಕೈಮುಗಿಯಬೇಕೋ ತಿಳಿಯಲಿಲ್ಲ. ಮೂರ್ತಿಯಿಲ್ಲ, ಚಿತ್ರವಿಲ್ಲ, ಮೇಣದ ಬತ್ತಿ ಕೂಡ ಇಲ್ಲ. ಎದುರು ಗೋಡೆಯ ನಟ್ಟನಡುವೆ ಎತ್ತರದ ಉಪದೇಶ ಪೀಠ ಒಂದೇ.

“ಎತ್ತ ನೋಡಬೇಕು?” ಅಂತ ಕೇಳಿಬಿಟ್ಟೆ.

“ನೋಡುವುದಕ್ಕಲ್ಲ, ಕೇಳುವುದಕ್ಕೆ ಕಟ್ಟಿದ್ದು,” ಅಂದರು ಅಜ್ಜ. ಮರುವಾರ ನನಗಾಗಿ ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ತಂದಿಟ್ಟಿದ್ದರು.

ನನಗೆ ಆ ಕಟ್ಟಡ ಬಲು ಹಿಡಿಸಿತು. ಇಟ್ಟಿಗೆಯ ಸಾದಾ ಪೆಟ್ಟಿಗೆಯಂತೆ ಇತ್ತು, ಶೋಕಿ ಅನ್ನುವುದು ಎಲ್ಲೂ ಇಲ್ಲ. ಕಮಾನಿನ ಉದ್ದ ಕಿಟಕಿಗಳಿಗೆ ಬಣ್ಣವಿಲ್ಲದ ಗಾಜು. ಬೆಂಚುಗಳಿಗೆ ಪುಟ್ಟ ಬಾಗಿಲುಗಳು, ಒಂದೊಂದಕ್ಕೂ ನಂಬರು. ಮೂರು ಬದಿಗೆ ತೆಳ್ಳನೆಯ ಕಬ್ಬಿಣದ ಕಂಬಗಳ ಮೇಲೆ ಗ್ಯಾಲರಿ. ಧಾರವಾಡದಲ್ಲಿ ಪುಸ್ತಕ ನೋಡಿ ಉರುಹೊಡೆದಿದ್ದ ಇಟ್ಟಿಗೆಯ ಜೋಡಣೆಯನ್ನು ಹೊರಗೋಡೆಯಲ್ಲಿ ಕಣ್ಣಾರೆ ಕಂಡೆ. ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ, ಮತ್ತೊಂದು ಉದ್ದಕ್ಕೆ... ಪರೀಕ್ಷೆಯಲ್ಲಿ ಇದಕ್ಕೆ ಐದು ಅಂಕ ಇರುತ್ತಿತ್ತು ಅಂದೆ. ಅಜ್ಜ ಗೋಡೆಯನ್ನು ತಟ್ಟಿ ನಕ್ಕರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಚರ್ಚಿಗೆ ಬರುವವರು ಹನ್ನೊಂದು ಜನಕ್ಕೆ ಇಳಿದರು. ಸೂರು ಸೋರುತ್ತಿತ್ತು. ನೋಡಿಕೊಳ್ಳುತ್ತಿದ್ದ ಹಿರಿಯರ ಮಂಡಳಿ ಅದನ್ನು ಮಾರಲು ತೀರ್ಮಾನಿಸಿತು. ಕೊಳ್ಳಲು ಬಂದ ಬಿಲ್ಡರು ಕೆಡವಿ ಫ್ಲ್ಯಾಟ್ ಕಟ್ಟುವವನು. ಉಳಿಸಲು ಒಂದೇ ದಾರಿ ಇತ್ತು: ಕಾಪಾಡಬೇಕಾದ ಹಳೆಯ ಕಟ್ಟಡಗಳ ಪಟ್ಟಿಗೆ ಅದನ್ನು ಸೇರಿಸುವುದು. ಸೇರಿದರೆ ಸುಲಭಕ್ಕೆ ಯಾರೂ ಕೆಡವುವಂತಿಲ್ಲ. ಅದಕ್ಕೆ ಅರ್ಜಿಯ ಜೊತೆ ಅಳತೆ ಮಾಡಿದ ನಕ್ಷೆ ಕೊಡಬೇಕಿತ್ತು. ಅಜ್ಜನ ಮದುವೆ, ಮಕ್ಕಳ ನಾಮಕರಣ, ಹೆಂಡತಿಯ ಕೊನೆಯ ಪ್ರಾರ್ಥನೆ ಎಲ್ಲ ಆದದ್ದು ಅಲ್ಲೇ. ಅವರು ಬೇಲಿಯ ಹತ್ತಿರ ನಿಂತು, ಹೇಗೆ ಕೇಳಲಿ ಅಂತ ತಡವರಿಸುತ್ತಿರುವಾಗಲೇ ನಾನು “ನಾ ಬರೆದು ಕೊಡ್ತೀನಿ” ಅಂದುಬಿಟ್ಟೆ. ಈ ದೇಶದಲ್ಲಿ ನನಗೆ ಸಿಕ್ಕ ಮೊದಲ ನಕ್ಷೆ ಕೆಲಸ ಅದು.

ಹನ್ನೊಂದು ವಾರ ಅಳತೆ ನಡೆಯಿತು, ಶನಿವಾರಗಳಂದು ಮಾತ್ರ. ಅಜ್ಜ ಟೇಪಿನ ಆ ತುದಿ ಹಿಡಿಯುತ್ತಿದ್ದರು, ನಡುನಡುವೆ ಬೆಂಚುಗಳಿಗೆ ಪಾಲಿಶ್ ತಿಕ್ಕುತ್ತಿದ್ದರು. ಮಾರಿ ಹೋಗುವ ಕಟ್ಟಡಕ್ಕೆ ಪಾಲಿಶ್ ಯಾಕೆ ಅಂತ ನಾನು ಕೇಳಲಿಲ್ಲ. ತಿಕ್ಕುತ್ತ ಒಂದೇ ಮಾತನ್ನು ಹೇಳುತ್ತಿದ್ದರು. “ನಿಮ್ಮಲ್ಲಿ ಜಾತಿ ಅಂತ ಇದೆಯಂತಲ್ಲ. ನಮ್ಮ ಈ ಚರ್ಚಿನಲ್ಲಿ ಮೇಲು ಕೀಳು ಅನ್ನುವುದು ಇರಲಿಲ್ಲ, ಡಿಯರ್. ಜಮೀನುದಾರನೂ ಹುಲ್ಲು ಕೊಯ್ಯುವವನೂ ಒಂದೇ ಬಾಗಿಲಿನಿಂದ ಬಂದು ಒಟ್ಟಿಗೆ ಕೂರುತ್ತಿದ್ದರು. ನಮ್ಮಪ್ಪ ಹೇಳುತ್ತಿದ್ದ.” ಅರ್ಜಿಯಲ್ಲೂ ಅದನ್ನೇ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು.

ಮನೆಗೆ ಬಂದು ಲೆಕ್ಕ ಹಾಕಿದಾಗ ಅಳತೆ ಕೂಡಲಿಲ್ಲ. ಹೊರಗಿನ ಉದ್ದ ನಲವತ್ತಾರು ಅಡಿ ಎಂಟು ಇಂಚು, ಒಳಗೆ ನಲವತ್ತೊಂದು. ಎರಡು ಗೋಡೆಗಳಿಗೆ ಒಂದೂವರೆ ಅಡಿಯಂತೆ ಮೂರು ಅಡಿ ಕಳೆದರೂ ಎರಡು ಅಡಿ ಎಂಟು ಇಂಚು ಉಳಿಯಿತು. ನನ್ನದೇ ತಪ್ಪು ಅಂದುಕೊಂಡು, ಅಜ್ಜ ದಂತವೈದ್ಯರ ಹತ್ತಿರ ಹೋಗಿದ್ದ ದಿನ ಬೀಗದ ಕೈ ಇಸಿದುಕೊಂಡು ಒಬ್ಬಳೇ ಹೋದೆ. ಹಿಂಗೋಡೆಯ ಹೊರಗೆ ದಟ್ಟವಾಗಿ ಬಳ್ಳಿ ಹಬ್ಬಿತ್ತು. ಸರಿಸಿ ನೋಡಿದರೆ ಒಂದಾಳೆತ್ತರದ ಜಾಗದಲ್ಲಿ ಇಟ್ಟಿಗೆಯ ಸಾಲು ಬೇರೆ ಥರ, ಎಲ್ಲವೂ ಉದ್ದಕ್ಕೆ. ಯಾವಾಗಲೋ ಮುಚ್ಚಿದ ಬಾಗಿಲು! ಒಳಗೆ ಪೊರಕೆ ಇಡುವ ಮೂಲೆಯಲ್ಲಿ ಒಂದು ಹಲಗೆ ಸಡಿಲವಾಗಿತ್ತು, ಸರಿಸಿದೆ. ಟಾರ್ಚು ಬಿಟ್ಟೆ.

ಕಡಿದಾದ ಮೆಟ್ಟಿಲು. ಒಬ್ಬರೇ ಹತ್ತುವಷ್ಟು ಅಗಲ, ನಡುವೆ ಸವೆದು ತಗ್ಗಾದ ಹಲಗೆಗಳು. ಹೊರಗಿನ ಬಾಗಿಲಿನಿಂದ ನೇರ ಗ್ಯಾಲರಿಯ ಹಿಂಮೂಲೆಗೆ ಹೋಗುತ್ತಿತ್ತು, ಕೆಳಗಿನ ಸಭೆಯೊಳಗೆ ಕಾಲಿಡುವ ಹಾದಿಯೇ ಇಲ್ಲ. ಆ ಮೂಲೆಯಲ್ಲಿ ಮಾತ್ರ ಬೆಂಚುಗಳಿಗೆ ಬೆನ್ನೊರಗಿಲ್ಲ, ನಂಬರಿಲ್ಲ, ಮುಂದೆ ಎತ್ತರದ ಹಲಗೆಯ ಮರೆ ಇದ್ದದ್ದು ಆಗ ನೆನಪಾಯಿತು. ಇದು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನನ್ನ ಅಜ್ಜಿಯ ಮನೆಯಲ್ಲಿ ಆಳುಗಳು ಅಟ್ಟಕ್ಕೆ ಕಾಳಿನ ಚೀಲ ಹೊರಲು ಕೊಟ್ಟಿಗೆಯ ಹಿಂದೆ ಬೇರೆ ಮೆಟ್ಟಿಲಿತ್ತು, ಪಡಸಾಲೆ ತುಳಿಯದೆ ಹೋಗಲಿ ಅಂತ. ಅವರ ಬೊಗಸೆಗೆ ಮೇಲಿನಿಂದ ಮಜ್ಜಿಗೆ ಸುರಿದವಳು ನಾನೇ, ಏಳೋ ಎಂಟೋ ವರ್ಷದವಳು... ಅಲ್ಲೇ ಪೊರಕೆಗಳ ಪಕ್ಕ ಕೂತುಬಿಟ್ಟೆ.

ಅಂದು ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ.

“ಎಂಬತ್ತರ ಹತ್ರ ಬಂದ ಮನಷ್ಯಾ,” ಅಂದರು ನನ್ನವರು. “ಈಗ ಹೋಗಿ, ನಿಮ್ಮ ಹಿರ್ಯಾರು ಹೇಳಿದ್ದೆಲ್ಲಾ ಸುಳ್ಳು ಅಂತ ಹೇಳ್ತಿಯೇನ? ಅವರಿಗೆ ಉಳದದ್ದ ಅದೊಂದು. ಸುಮ್ನಿರು.”

“ಅಮ್ಮಾ, ಜಸ್ಟ್ ಟೆಲ್ ಹಿಮ್,” ಅಂದಳು ಮಗಳು, ತಟ್ಟೆಯಿಂದ ಕಣ್ಣೆತ್ತದೆ.

ಹಿರಿಯರ ಎದುರು ಅವರ ಮಾತು ಅಲ್ಲಗಳೆಯಬಾರದು ಅಂತ ಬೆಳೆದವಳು ನಾನು. ಗಂಡನ ಮಾತೇ ಸರಿ ಅನ್ನಿಸಿತು. ಅನ್ನಿಸಿತು ಅನ್ನುವುದಕ್ಕಿಂತ ಸುಲಭವಾಗಿತ್ತು. ನಕ್ಷೆಯಲ್ಲಿ ಆ ಜಾಗಕ್ಕೆ ‘ಉಗ್ರಾಣ’ ಅಂತ ಬರೆದೆ. ಹಿಂಗೋಡೆಯಲ್ಲಿ ಮುಚ್ಚಿದ ಬಾಗಿಲು ತೋರಿಸಲಿಲ್ಲ. ಮೂಲೆಯಲ್ಲಿ ನನ್ನ ಹೆಸರೂ ಬರೆದೆ. ಅಜ್ಜ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಇಷ್ಟು ಚೆಂದದ ನಕ್ಷೆ ಜೀವಮಾನದಲ್ಲಿ ನೋಡಿಲ್ಲ ಅಂದರು.

ಪರಿಶೀಲನೆಗೆ ಬಂದ ಅಧಿಕಾರಿ ನಕ್ಷೆ ಹಿಡಿದುಕೊಂಡೇ ಒಂದು ಸುತ್ತು ಹಾಕಿದರು, ಬಳ್ಳಿ ಸರಿಸಲಿಲ್ಲ. ಸರಿಸಲು ಕಾರಣವನ್ನೇ ನಾನು ಕೊಟ್ಟಿರಲಿಲ್ಲವಲ್ಲ. ಎರಡು ತಿಂಗಳಿಗೆ ಪತ್ರ ಬಂತು. ಕಟ್ಟಡ ಚೆನ್ನಾಗಿದೆ, ಆದರೆ ಇಂಥವು ಬೇರೆ ಕಡೆಯೂ ಇವೆ, ಪಟ್ಟಿಗೆ ಸೇರಿಸುವಂಥ ವಿಶೇಷ ಕಾಣಲಿಲ್ಲ. ಅಜ್ಜ ಪತ್ರ ಮಡಿಚಿ ಜೇಬಿಗಿಟ್ಟುಕೊಂಡು ಬೀನ್ಸಿಗೆ ನೀರು ಹಾಕಲು ಹೋದರು.

ಕೆಡವುವ ಕೆಲಸ ಹಿಂದಿನಿಂದ ಶುರುವಾಯಿತು. ಅಜ್ಜ ದಿನಾ ಹೋಗಿ ರಸ್ತೆಯಲ್ಲಿ ನಿಂತು ನೋಡುತ್ತಿದ್ದರು, ಬೇಡವೆಂದರೂ ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನೂ ಹೋದೆ. ಹಿಂಗೋಡೆ ಬಿದ್ದಿತ್ತು, ಮೆಟ್ಟಿಲು ಹಾಗೇ ಬಯಲಿಗೆ ಬಂದು ನಿಂತಿತ್ತು. ಯಾರೋ ತಿಳಿಸಿರಬೇಕು, ಅದೇ ಅಧಿಕಾರಿ ಬಂದು ಫೋಟೊ ತೆಗೆಯುತ್ತಿದ್ದರು. “ಕೂಲಿಯವರ ಮೆಟ್ಟಿಲು. ಇಂಥದ್ದು ಉಳಿದಿರುವುದೇ ಅಪರೂಪ,” ಅಂದರು, ತಮ್ಮಷ್ಟಕ್ಕೆ ತಾವೇ. “ನಕ್ಷೆಯಲ್ಲಿ ಇದ್ದಿದ್ದರೆ ನಾವು ಬೇರೆ ಥರ ಯೋಚಿಸುತ್ತಿದ್ದೆವು.” ಸೂರು ಅಷ್ಟರಲ್ಲಿ ಅರ್ಧ ಹೋಗಿತ್ತು. ಇನ್ನು ಉಳಿಸಲು ಏನೂ ಇರಲಿಲ್ಲ.

ಅಜ್ಜ ನನ್ನ ಕಡೆ ತಿರುಗಿದರು.

“ನಿನಗೆ ಗೊತ್ತಿತ್ತೇ, ಡಿಯರ್?”

“ಗೊತ್ತಿತ್ತು. ನಿಮಗೆ ನೋವಾಗುತ್ತೆ ಅಂತ...”

ಅವರು ಮೆಟ್ಟಿಲಿನ ಕಡೆಗೇ ನೋಡುತ್ತ ಹೇಳಿದರು. “ನನ್ನ ಮುತ್ತಜ್ಜ ದಿನಗೂಲಿಗೆ ಹುಲ್ಲು ಕೊಯ್ಯುತ್ತಿದ್ದವನು. ಅವನು ಕೂತ ಬೆಂಚು ಯಾವುದಿರಬಹುದು ಅಂತ ಚಿಕ್ಕಂದಿನಿಂದ ಹುಡುಕಿದ್ದೇನೆ. ಒಂದೊಂದು ಭಾನುವಾರ ಒಂದೊಂದು ನಂಬರಿನಲ್ಲಿ ಕೂತು ನೋಡಿದ್ದೇನೆ.” ಆಮೇಲೆ ಮೆಲ್ಲಗೆ ಅಂದರು. “ಅವನ ಕಾಲು ಬಿದ್ದದ್ದು ಅದರ ಮೇಲೆ.”

ಮುತ್ತಜ್ಜ ಏನು ಕೆಲಸ ಮಾಡುತ್ತಿದ್ದ ಅಂತ ಹನ್ನೊಂದು ಶನಿವಾರಗಳಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಮರಿಮೊಮ್ಮಗ ಅಷ್ಟು ಅಭಿಮಾನದಿಂದ ಹೇಳುತ್ತಾನೆಂದರೆ ಮುಂದಿನ ಸಾಲಿನ ಗೌರವಸ್ಥನೇ ಇರಬೇಕು ಅಂತ ನಾನೇ ಅಂದುಕೊಂಡಿದ್ದೆ. ಏನನ್ನು ತಡೆದುಕೊಳ್ಳಬಲ್ಲರು ಅನ್ನುವುದನ್ನೂ ಅವರ ಪರವಾಗಿ ನಾನೇ ತೀರ್ಮಾನಿಸಿದ್ದೆ. ಅಜ್ಜ ಕೆಲಸಗಾರರನ್ನು ಕೇಳಿ ಬೇಲಿ ದಾಟಿ ಹೋದರು. ಮೊದಲ ಮೆಟ್ಟಿಲಿನ ತಗ್ಗಿನಲ್ಲಿ ತಮ್ಮ ಬೂಟುಗಾಲು ಇಟ್ಟರು. ಕೆಲಸಗಾರರು ಹತ್ತಲು ಬಿಡಲಿಲ್ಲ, ಅಪಾಯ ಅಂದರು. ಅಜ್ಜ ಹಾಗೇ ಸ್ವಲ್ಪ ಹೊತ್ತು ನಿಂತಿದ್ದು ಬಂದರು. ಮರುದಿನ ಹೋಗಿ ನೋಡಿದರೆ ಮೆಟ್ಟಿಲು ಚೂರುಚೂರಾಗಿ ಕಸದ ಲಾರಿ ಸೇರಿತ್ತು.

ಅವರು ನನ್ನನ್ನು ಬೈಯಲಿಲ್ಲ. ಆ ಬೇಸಿಗೆಯಲ್ಲೂ ಬೇಲಿಯ ಮೇಲಿಂದ ಬೀನ್ಸ್ ಕೊಟ್ಟರು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಒಂದೂವರೆ ವರ್ಷದ ಮೇಲೆ ತೀರಿಕೊಂಡರು. ಅವರ ಕೊನೆಯ ಪ್ರಾರ್ಥನೆ ಯಾವುದೋ ಚಿತಾಗಾರದಲ್ಲಿ, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಮುಂದಿನವರು ಕಾಯುತ್ತಿದ್ದರು.

ಪಾತ್ರೆ ಅಂಗಡಿಯಿಂದ ಪಾಲಿಶಿನ ವಾಸನೆ ಹೊತ್ತು ಬಂದ ಮರುವಾರವೇ ಒಂದು ಕರೆ ಬಂತು. ಚರ್ಚಿದ್ದ ಜಾಗದ ಫ್ಲ್ಯಾಟುಗಳಿಗೆ ವಿಜಯಪುರದ ಕಡೆಯ ಹೊಸ ಜೋಡಿ ಬಂದಿದೆ. ಆ ಹುಡುಗಿ ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಇಷ್ಟು ವರ್ಷ ಆ ಗೇಟು ದಾಟಿರಲಿಲ್ಲ, ಹೋದೆ. ಅಡುಗೆಮನೆಯ ಕಿಟಕಿಯಿಂದ ಹಳೆಯ ಕಾಂಪೌಂಡು ಗೋಡೆ ಕಾಣಿಸಿತು. ನಕ್ಷೆಯ ಅಳತೆ ನೆನೆದು ಅದರಿಂದ ಹನ್ನೊಂದು ಅಡಿ ಲೆಕ್ಕ ಹಾಕಿದೆ. ಮೆಟ್ಟಿಲು ಇದ್ದದ್ದು ಅವಳ ಫ್ರಿಜ್ಜು ಇರುವಲ್ಲಿ.

“ಏನ ನೋಡಾಕ್ಹತ್ತೀರಿ ಆಂಟಿ?” ಅಂದಳು ಹುಡುಗಿ.

ಹೇಳಿದೆ. ನಿಂತಲ್ಲೇ, ಕೈಯಲ್ಲಿ ಎಲೆ ಅಡಿಕೆ ಹಿಡಿದುಕೊಂಡು, ಎಲ್ಲ ಹೇಳಿದೆ: ಮುಚ್ಚಿದ ಬಾಗಿಲು, ನಾನು ಬರೆದ ಉಗ್ರಾಣ, ಅಜ್ಜ ಕಾಲಿಟ್ಟು ನಿಂತದ್ದು. ಒಲೆಯ ಮೇಲಿನ ಚಹಾ ಉಕ್ಕಿತು. ಅವಳು ಹೋಗಿ ಆರಿಸಿ ಬಂದಳು.

“ಅವ್ರು ನಿಮಗ ಏನಾಗಬೇಕ್ರಿ?”

“ಪಕ್ಕದ ಮನೆಯವರು,” ಅಂದೆ. ಕಣ್ಣು ಮಾತ್ರ ಫ್ರಿಜ್ಜಿನ ಬುಡದಲ್ಲೇ ಇತ್ತು.