ಮೊಟ್ಟೆಚಿಪ್ಪಿನ ವನಜಾಕ್ಷಿ

ಕೊಡಿಗೇನಹಳ್ಳಿಯ ವನಜಾಕ್ಷಿ ಮಧುಗಿರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಬಿಸಾಡಿದ ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನು ಒಡೆದು, ಮತ್ತೆ ಪ್ಲಾಸ್ಟಿಕ್ ಮಾಡಲು ಬರುವ ಮೂಲವಸ್ತು ತೆಗೆಯುವುದು ಅವಳ ಪ್ರಾಜೆಕ್ಟು. ಆ ಕೆಲಸ ಬೇಗ ಸಾಗಲು ಒಂದು ವೇಗವರ್ಧಕ ಬೇಕು. ಸುಟ್ಟ ಮೊಟ್ಟೆಚಿಪ್ಪಿನ ಪುಡಿಯೇ ಸಾಕೆಂದು ಅವಳ ನಂಬಿಕೆ. ಬಸ್ ಸ್ಟ್ಯಾಂಡಿನ ಎಗ್ ರೈಸ್ ಗಾಡಿಯಿಂದ ಚಿಪ್ಪು ತಂದು, ತೊಳೆದು, ಮಾಳಿಗೆಯ ಮೇಲೆ ಒಣಹಾಕಿದಳು.

ಕಾಗೆಗಳು ಸುಮ್ಮನಿರುತ್ತವೆಯೇ? ಕಚ್ಚಿಕೊಂಡು ಹೋಗಿ ಬೀದಿಯ ಮನೆಮನೆಯ ಹೊಸ್ತಿಲಿಗೂ ಹಂಚಿದವು. ಎದುರುಮನೆಯ ಮುದುಕಿ ಚಿಕ್ಕಹನುಮಕ್ಕ ಬಾಗಿಲಿಗೆ ನೀರು ಹಾಕಲು ಬಂದವಳು ಕಿರುಚಿಕೊಂಡಳು.

“ಯಾವಳೇ ಅವಳು, ನಮ್ಮನೆಗೆ ಮಾಟ ಮಾಡ್ಸಿರೋಳು?”

ಮಧ್ಯಾಹ್ನದೊಳಗೆ ಎಲ್ಲರ ಬಾಗಿಲಲ್ಲೂ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡಿದವು. ವನಜಾಕ್ಷಿಯ ಅವ್ವನೂ ಒಂದು ಕಟ್ಟಿದಳು.

ಸಂಜೆ ಬಸ್ಸಿಳಿದ ವನಜಾಕ್ಷಿ ಸುದ್ದಿ ಕೇಳಿ ನೇರ ಮುದುಕಿಯ ಜಗಲಿಗೆ ಹೋದಳು.

“ಅಜ್ಜೀ, ಅದು ಮಾಟ ಅಲ್ಲ. ನನ್ನ ಕ್ಯಾಟಲಿಸ್ಟು.”

“ಅದ್ಯಾವ ದೇವ್ರಮ್ಮ?”

“ದೇವ್ರಲ್ಲ. ನೀನು ಎಷ್ಟು ಮದ್ವೆ ಕುದುರ್ಸಿದ್ದೀಯ! ನೀನು ಮಧ್ಯೆ ಬಂದ್ರೆ ಎರಡು ಮನೆಯೋರ ಮಾತು ಬಿರ್‍ನೆ ಮುಗೀತದೆ. ಆಮ್ಯಾಕೆ ನೀನು ಹೋದಂಗೇ ಎದ್ದು ಬತ್ತೀಯ. ಚಿಪ್ಪು ಮಾಡೋದೂ ಅದೇಯ.”

ಚಿಕ್ಕಹನುಮಕ್ಕ ಯೋಚಿಸಿದಳು. “ಹೋದಂಗೇ ಬರಾಕಿಲ್ಲ ಕಣಮ್ಮ. ಒಂದು ಸೀರೆ ಈಸ್ಕಂಡ್ ಬತ್ತೀನಿ.”

ಮರುದಿನದಿಂದ ಕೋಲು ಹಿಡಿದು ಮಾಳಿಗೆಯ ಮೇಲೆ ಕಾಗೆ ಓಡಿಸಲು ಕುಳಿತವಳೂ ಅವಳೇ.

ಲ್ಯಾಬಿನಲ್ಲಿ ಮಾತ್ರ ಕೆಲಸ ಸಲೀಸಾಗಲಿಲ್ಲ. ಚಿಪ್ಪು ಸರಿಯಾಗಿ ಸುಡದೆ ಫ್ಲಾಸ್ಕಿನ ತಳದಲ್ಲಿ ಬರೀ ಕಂದು ಅಂಟು ಉಳಿಯುತ್ತಿತ್ತು. “ಬೇರೆ ವಿಷಯ ತಗೊಳ್ಳಮ್ಮ” ಎಂದರು ಮೇಷ್ಟ್ರು ನರಸಿಂಹರಾಜು. ವನಜಾಕ್ಷಿ ಅತ್ತಳು. ಆಮೇಲೆ ಮುಖ ತೊಳೆದು ಬಂದು, ಕುಲುಮೆಯ ಬಿಸಿ ಏರಿಸಿ ಚಿಪ್ಪನ್ನು ಮತ್ತೆ ಸುಟ್ಟಳು.

ಆ ಹೊಸ ಪುಡಿಯ ಪ್ರಯೋಗದ ದಿನ ಚಿಕ್ಕಹನುಮಕ್ಕನೂ ನೋಡಬೇಕೆಂದು ಬಸ್ಸು ಹತ್ತಿ ಬಂದಳು. ಕುದಿಯುವ ಫ್ಲಾಸ್ಕು, ಅದರ ಮೇಲೆ ತಣ್ಣೀರು ಹರಿಯುವ ಗಾಜಿನ ಕೊಳವೆ, ಒಳಗೆ ತೊಟ್ಟಿಕ್ಕುವ ಹನಿ. ಎಲ್ಲವನ್ನೂ ನೋಡಿ ಮೇಷ್ಟ್ರ ಹತ್ತಿರ ಸರಿದು ದನಿ ತಗ್ಗಿಸಿದಳು.

“ಸಾಮಿ, ಇದು ಸಾರಾಯಿ ಭಟ್ಟಿ ಅಲ್ವಾ? ಎದ್ರಬ್ಯಾಡಿ, ನಾನ್ಯಾರ್ಗೂ ಹೇಳಾಕಿಲ್ಲ.”

ಮೇಷ್ಟ್ರಿಗೆ ನಗಬೇಕೋ ಬಾಗಿಲು ಹಾಕಬೇಕೋ ತಿಳಿಯಲಿಲ್ಲ.

ಸೋಸಿದ ದ್ರಾವಣ ತಣ್ಣಗಾದಂತೆ ಬೀಕರಿನಲ್ಲಿ ಸೂಜಿಯಂಥ ಬಿಳಿ ಹರಳುಗಳು ಮೂಡಿದವು. ಮೇಷ್ಟ್ರು ಪರೀಕ್ಷಿಸಿ, “ಇದೇ ಕಣಮ್ಮ, ನಿನ್ನ ಮೂಲವಸ್ತು ಬಂದಿದೆ” ಎಂದರು. ವನಜಾಕ್ಷಿ ಕೈಗವಸು ಕಳಚುವುದನ್ನೂ ಮರೆತು ಅಜ್ಜಿಯನ್ನು ತಬ್ಬಿಕೊಂಡಳು.

ಈಗ ಅವಳು ತುಮಕೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಹುಣಸೆಬೀಜದಿಂದ ಪ್ಲಾಸ್ಟಿಕ್ ಹಾಳೆ ಮಾಡುವ ಹುಚ್ಚು ಹತ್ತಿದೆ.