ದಾರಿಯ ಮಣ್ಣು ಕೇಳುತ್ತಿದ್ದ ಟೈರ್ ಚಾಚಾ

ಮನುಷ್ಯನ ಪ್ರಾಣ ಯಾವುದರ ಮೇಲೆ ನಿಂತಿದೆ ಎಂಬುದು ಪುರಾತನ ಪ್ರಶ್ನೆ. ಉಸಿರಿನ ಮೇಲೆ ಎಂದು ವೈದ್ಯರು, ಪುಣ್ಯದ ಮೇಲೆ ಎಂದು ಸ್ವಾಮಿಗಳು, ಹಣೆಬರಹದ ಮೇಲೆ ಎಂದು ಉಳಿದವರೆಲ್ಲ ಹೇಳುತ್ತ ಬಂದಿದ್ದಾರೆ. ಬೀದರಿನ ಟೈರ್ ಚಾಚಾ ಈ ವಾದಕ್ಕೆ ಇಳಿದವರಲ್ಲ. ಅವರ ಪ್ರಕಾರ ಮೋಟಾರ್ ಸೈಕಲ್ ಮೇಲೆ ಕೂತವನ ಪ್ರಾಣ ನೆಲಕ್ಕೆ ತಾಗುವ ಎರಡು ಅಂಗೈಯಷ್ಟು ರಬ್ಬರಿನ ಮೇಲೆ ನಿಂತಿರುತ್ತದೆ. ನಾನು ಮೊದಲ ಸಲ ಅವರ ಅಂಗಡಿಗೆ ಹೋದಾಗ ಆ ಎರಡರಲ್ಲಿ ಒಂದು ಪೂರ್ತಿ ಬೋಳಾಗಿತ್ತು.

ಅವರ ಬಲಗೈ ಹೆಬ್ಬೆರಳಿನ ಉಗುರು ಎತ್ತಿನ ಕೊಂಬಿನ ತುದಿಯಂತೆ ದಪ್ಪಗೆ, ಕಪ್ಪಗೆ, ತುಸು ಬಾಗಿ ಬೆಳೆದಿತ್ತು. ಉಳಿದ ಒಂಬತ್ತನ್ನು ಪ್ರತಿ ಶುಕ್ರವಾರ ಕತ್ತರಿಸುತ್ತಿದ್ದರು, ಇದೊಂದನ್ನು ವೃತ್ತಿಗೆಂದು ಬಿಟ್ಟಿದ್ದರು. ಅದನ್ನು ಟೈರಿನ ಮೈಗೆ ಊರಿ ಎತ್ತಿ, ಬಿದ್ದ ಗುರುತು ಎಷ್ಟು ಹೊತ್ತಿಗೆ ಮಾಯುತ್ತದೆ ಎಂದು ನೋಡಿ, ರಬ್ಬರು ಮೆತ್ತಗಿದೆಯೋ ಗಟ್ಟಿಯೋ ಹೇಳುತ್ತಿದ್ದರು. ಊರಿಗೆಲ್ಲ ಟೈರು ಹಾಕುವ ಈ ಮನುಷ್ಯ ಸ್ವತಃ ಗಾಡಿ ಓಡಿಸುತ್ತಿರಲಿಲ್ಲ. ದಿನಾ ಭಾಲ್ಕಿಯಿಂದ ರೈಲಿನಲ್ಲಿ ಬಂದು ರೈಲಿನಲ್ಲೇ ಹೋಗುತ್ತಿದ್ದರು. ಕೇಳಿದರೆ, “ಕಬ್ಬಿಣದ ಗಾಲಿರಿ. ನಿದ್ದಿ ಬರ್ತದ,” ಎನ್ನುತ್ತಿದ್ದರು.

ನಾನು ಭೂಮಾಪನ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಅವರಿವರ ಹೊಲದ ಮೇಲೆ ಸರಪಳಿ ಎಳೆದು ಔರಾದದಲ್ಲಿ ನಿವೃತ್ತನಾದವನು. ಕಡೆಯ ವರ್ಷ ಉದ್ದ ಸೀಟಿನ, ದೂರ ಪ್ರಯಾಣದ ಮೋಟಾರ್ ಸೈಕಲ್ ಕೊಂಡಿದ್ದೆ. ಇಬ್ಬರೂ ಕನ್ಯಾಕುಮಾರಿಯವರೆಗೆ ಹೋಗುವುದೆಂದು ನನ್ನ ಹೆಂಡತಿ ಊರುಗಳ ಪಟ್ಟಿಯನ್ನೂ ಬರೆದಿಟ್ಟಿದ್ದಳು. ಆ ವರ್ಷವೇ ಅವಳ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಡಯಾಲಿಸಿಸ್ಸಿಗೆ ಬೀದರಿನಲ್ಲಿ ವಾರಕ್ಕೆ ಎರಡು ಪಾಳಿ ಸಿಕ್ಕವು, ಬೆಳಗ್ಗೆ ಏಳಕ್ಕೆ. ಔರಾದಕ್ಕೆ ರೈಲಿಲ್ಲ. ಬಸ್ಸಿದೆ, ಆದರೆ ಸೂಜಿ ತೆಗೆಸಿಕೊಂಡು ಬಂದವಳು ನೂಕುನುಗ್ಗಲಿನಲ್ಲಿ ನಿಲ್ಲಲಾರಳು. ಹೀಗೆ ನಮ್ಮ ದೇಶ ಪ್ರವಾಸ ಔರಾದದಿಂದ ಬೀದರಿಗೆ, ಬೀದರಿನಿಂದ ಔರಾದಕ್ಕೆ ಎಂದು ತೀರ್ಮಾನವಾಯಿತು.

“ಭಾಳ ದಿನ ಬಾಳೋ ಟೈರ್ ಕೊಡ್ರಿ,” ಎಂದೆ ಚಾಚಾಗೆ.

“ಭಾಳ ದಿನ ಬಾಳೋದು ಟೈರ್ ಬೇಕೋ, ಮನಷ್ಯಾ ಬೇಕೋ?” ಎಂದರು ತಲೆ ಎತ್ತದೆ. “ಯಾವ ದಾರಿ?”

“ಔರಾದ–ಬೀದರ.”

“ಹಿಂದ ಯಾರು ಕೂಡ್ತಾರ?”

“ನನ್ನ ಹೆಂಡ್ತಿ. ವಾರಕ್ಕ ಎರಡು ಸಲ. ಡಯಾಲಿಸಿಸ್ ಅದರಿ.”

ಉಗುರು ಟೈರಿನಿಂದ ಮೇಲೆದ್ದಿತು. “ಹಂಗಾರ ಮಣ್ಣು ತರ್ರಿ.”

“ಏನ್ರಿ?”

“ನಿಮ್ಮ ದಾರಿದು ಮಣ್ಣು, ಸಾಬ್. ಒಂದು ಮುಷ್ಟಿ. ಡಾಕ್ಟರ್ ಹಂತೇಕ ಹೋದರ ರಕ್ತ ಕೊಟ್ಟು ಬರ್ತೀರಿಲ್ಲ? ಹಂಗ.”

ಮೂರು ದಶಕ ಮಣ್ಣನ್ನು ಅಳೆದಿದ್ದೆ, ಯಾರೂ ನನ್ನನ್ನು ಮಣ್ಣು ತಾ ಎಂದು ಕಳಿಸಿರಲಿಲ್ಲ. ಮುಂದಿನ ಪಾಳಿಯ ದಿನ ಹೆಂಡತಿಯೊಡನೆ ಹೋದೆ, ರುಮಾಲಿನಲ್ಲಿ ಕರಿ ಮಣ್ಣು ಕಟ್ಟಿಕೊಂಡು. ಚಾಚಾನ ಅಂಗಡಿಯ ಹಲಗೆಯ ಮೇಲೆ ಮಣ್ಣು ತುಂಬಿದ ಹಳೇ ಡಬ್ಬಿಗಳ ಸಾಲಿತ್ತು. ಬಗದಲ್ ದಾರಿಯದು, ಡಾಬಕಾ ದಾರಿಯದು ಎಂದು ಉರ್ದುವಿನಲ್ಲಿ ಚೀಟಿ ಅಂಟಿಸಿದ್ದರು. ಬೀದರಿನ ಕೆಂಪು ಮಣ್ಣು ಮಳೆಗೆ ನೀರು ಕುಡಿದು ಸುಮ್ಮನಾಗುತ್ತದೆ. ನಮ್ಮ ಕಡೆಯ ಕರಿ ಮಣ್ಣು ಹಾಗಲ್ಲ. ಟ್ರ್ಯಾಕ್ಟರಿನ ಗಾಲಿ ಹಿಡಿದು ಹೊಲದಿಂದ ಡಾಂಬರಿಗೆ ಬರುತ್ತದೆ, ಒಂದು ಹನಿ ಬಿದ್ದರೆ ಬೆಣ್ಣೆಯಾಗುತ್ತದೆ.

ಬಾಗಿಲ ಮುಂದಿನ ನುಣುಪಾದ ಶಹಾಬಾದಿ ಫರಸಿಕಲ್ಲಿನ ಮೇಲೆ ಚಾಚಾ ನಮ್ಮ ಮಣ್ಣು ಉದುರಿಸಿ, ಒಂದು ಚೊಂಬು ನೀರು ಸುರಿದು, ಎರಡು ಟೈರ್ ತುಂಡುಗಳನ್ನು ಮುಂದಿಟ್ಟರು. ಎಳೆದು ನೋಡುವ ಕೆಲಸ ನನಗೆ ಕೊಡಲಿಲ್ಲ.

“ಬೆಹೆನ್, ನೀವು ನೋಡ್ರಿ. ಬೀಳೋರು ನೀವು.”

ಅವಳು ಬಲಗೈಯಿಂದ ಎರಡನ್ನೂ ಎಳೆದಳು. ಗಟ್ಟಿಯದು ಸರ್ರನೆ ಜಾರಿತು. ಮೆತ್ತನೆಯದು ಕಲ್ಲನ್ನು ಕಚ್ಚಿಕೊಂಡಿತು.

“ಗೊತ್ತಾತ್ರಿ ಅಣ್ಣಾ,” ಎಂದಳು. “ಈ ಗಟ್ಟಿದು ನಮ್ಮ ಮನಿಯವರಂಗ ಅದ. ಭಾಳ ದಿನ ಬಾಳ್ತದ, ಹೊತ್ತಿಗಿ ಹಿಡಿಯಂಗಿಲ್ಲ.”

ಚಾಚಾ ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ನಕ್ಕು ಮುಗಿದ ಮೇಲೆ ತೀರ್ಪು ಕೊಟ್ಟರು. ಮುಂದಕ್ಕೆ ಮೆತ್ತನೆಯದು, ನೀರು ಹೊರಗೆ ಚೆಲ್ಲುವ ಆಳದ ಗೀರುಗಳಿರುವುದು. ಬ್ರೇಕಿನ ಭಾರವೆಲ್ಲ ಅದರ ಮೇಲೆ. ಹಿಂದಕ್ಕೆ ನಡುವೆ ಗಟ್ಟಿ, ಎರಡೂ ಅಂಚಿಗೆ ಮೆತ್ತಗಿರುವುದು. ನೆಟ್ಟಗಿನ ದಾರಿಯಲ್ಲಿ ಸವೆಯುವುದು ನಡು, ಆದ್ದರಿಂದ ಬಾಳಿಕೆ ಅಲ್ಲಿ. ತಿರುವಿನಲ್ಲಿ ಗಾಡಿ ವಾಲಿದಾಗ ನಿಲ್ಲುವುದು ಅಂಚಿನ ಮೇಲೆ, ಆದ್ದರಿಂದ ಹಿಡಿತ ಅಲ್ಲಿ.

ಹಾಕಿ ಮುಗಿಸಿ ಹೇಳಿದರು: “ಹೊಸ ಟೈರು ಹೊಸ ಅಳಿಯ ಇದ್ದಂಗ. ಮೊದಲ ನಾಕು ದಿನ ನಂಬಬ್ಯಾಡ್ರಿ, ಸಾವಕಾಶ ಹೋಗ್ರಿ. ಮತ್ತ ಇದಕ್ಕ ಏನೂ ಹಚ್ಚಬ್ಯಾಡ್ರಿ ಸಾಬ್. ಎಣ್ಣಿ, ಪಾಲಿಶ್, ಕುಚ್ ನಕ್ಕೋ. ರಬ್ಬರು ತಾನೇ ಕರ್ರಗದ.”

ಈ ಮಾತನ್ನು ಅವರು ಹೇಳಿದರು. ನಾನು ಕೇಳಿಸಿಕೊಂಡೆ. “ಹೂಂ” ಎಂದೂ ಅಂದೆ.

ಆ ಮಳೆಗಾಲ ಟೈರುಗಳು ಮಾತು ಉಳಿಸಿಕೊಂಡವು. ಅವಳ ಎಡಗೈಯಲ್ಲಿ ಡಯಾಲಿಸಿಸ್ಸಿಗೆಂದು ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದರು. ಮುಟ್ಟಿದರೆ ಗುರ್ರ್ ಎನ್ನುತ್ತಿತ್ತು. “ಬೆಕ್ಕು ಮಲಗ್ಯಾದ, ಎಬ್ಬಿಸಬ್ಯಾಡ್ರಿ,” ಎನ್ನುತ್ತ ಅದನ್ನು ಎದೆಗೊತ್ತಿಕೊಂಡು, ಬಲಗೈಯಿಂದ ನನ್ನ ಸೊಂಟ ಹಿಡಿದು ಕೂಡುತ್ತಿದ್ದಳು. ಅವಳ ಬದುಕು ಆ ಗುರ್ರಿನ ಮೇಲಿತ್ತು.

ಆಮೇಲೆ ದಸರೆ ಬಂತು. ಖಂಡೆ ಪೂಜೆಯಂದು ದುಡಿಯುವ ವಸ್ತುವಿಗೆ ಕುಸುಬಿ ಎಣ್ಣೆ ಹಚ್ಚುವುದು ನಮ್ಮ ಮನೆತನದ ಪದ್ಧತಿ. ಇಪ್ಪತ್ತೆಂಟು ವರ್ಷ ಸರಪಳಿಗೆ ಹಚ್ಚಿದ್ದೇನೆ, ಅದು ಎಂದೂ ಜಾರಿರಲಿಲ್ಲ. ನನ್ನ ಹೆಂಡತಿಯನ್ನು ಹೊತ್ತು ತಿರುಗುವ ಟೈರಿಗೆ ಆ ಮರ್ಯಾದೆ ತಪ್ಪಬಾರದೆಂದು ಗಾಡಿ ತೊಳೆದು, ಬಟ್ಟೆಯಿಂದ ಎರಡೂ ಟೈರಿನ ಬದಿ, ಅಂಚು ಎಲ್ಲ ಮಿರಿಮಿರಿ ಮಿಂಚುವಂತೆ ಉಜ್ಜಿದೆ. ಚಾಚಾನ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಶಾಸ್ತ್ರಕ್ಕೆ ಹಚ್ಚುವ ಎಣ್ಣೆ ಎಣ್ಣೆಯಲ್ಲ ಎಂದು ಅದನ್ನು ಕಳಿಸಿಬಿಟ್ಟೆ. ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಒಡೆದೆ.

ಮರುದಿನ ಪಾಳಿ. ಸಣ್ಣಗೆ ಮಳೆ. ನೆಟ್ಟಗಿನ ದಾರಿಯುದ್ದಕ್ಕೂ ಏನೂ ಆಗಲಿಲ್ಲ. ಸಂತಪೂರ ದಾಟಿದ ಮೇಲೆ ಒಂದು ತಿರುವಿನಲ್ಲಿ ಗಾಡಿ ವಾಲಿತು, ವಾಲಿದ್ದು ಏಳಲಿಲ್ಲ. ನನಗೆ ಮೊಣಕಾಲು ತರಚಿತು. ಅವಳು ಎಡಗೈಯ ಮೇಲೆ ಬಿದ್ದಳು. ಕೆಸರಲ್ಲಿ ಕೂತು, ಆ ಕೈಯನ್ನು ಕಿವಿಗೆ ಹಿಡಿದು ಬಹಳ ಹೊತ್ತು ಆಲಿಸಿದಳು.

“ಬೆಕ್ಕು ಹೋತ್ರಿ,” ಎಂದಳು.

ಆಸ್ಪತ್ರೆಯಲ್ಲಿ ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಇನ್ನು ಉಪಯೋಗಕ್ಕೆ ಬರುವುದಿಲ್ಲ ಎಂದರು. ಕೊರಳಿಗೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಿದರು. ಸುದ್ದಿ ತಿಳಿದು ಚಾಚಾ ಬಂದರು. ಒಳಗೆ ಬರುವ ಮೊದಲೇ ಹೊರಗೆ ನಿಂತ ಗಾಡಿಯ ಟೈರಿಗೆ ಉಗುರು ಊರಿ, ಮೂಸಿ ನೋಡಿ ಬಂದಿದ್ದರು.

“ಎಣ್ಣಿ,” ಎಂದರು.

“ಖಂಡೆ ಪೂಜಿ ಇತ್ರಿ,” ಎಂದೆ.

ಅವರು ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕೂತರು. “ತಪ್ಪು ನಂದೇ, ಸಾಬ್. ಮಣ್ಣು ಕೇಳಿದೆ, ದಾರಿ ಕೇಳಿದೆ, ಹಿಂದ ಯಾರು ಕೂಡ್ತಾರ ಅಂತ ಕೇಳಿದೆ. ನಿಮ್ಮ ಹಬ್ಬ ಕೇಳಲಿಲ್ಲ. ಎಣ್ಣಿ ಹಚ್ಚಬ್ಯಾಡ್ರಿ ಅಂತ ಒಂದು ಮಾತು ನಾ ಹೇಳಬೇಕಾಗಿತ್ತು. ಹೇಳಲಿಲ್ಲ. ವಯಸ್ಸಾತು, ಮರ್ತೆ.”

ನೀವು ಹೇಳಿದ್ದಿರಿ ಎನ್ನಲು ಎರಡು ಪದ ಸಾಕಿತ್ತು. ನಾನು ನೆಲ ನೋಡಿದೆ. ಸರ್ಕಾರಿ ನೌಕರನಿಗೆ ಇದು ರೂಢಿಯಾದ ಭಂಗಿ.

ಮಂಚದ ಮೇಲಿಂದ ಎಲ್ಲವನ್ನೂ ಕೇಳುತ್ತಿದ್ದ ನನ್ನ ಹೆಂಡತಿ ಚಾಚಾ ಹೋದ ಮೇಲೆ ನನ್ನತ್ತ ತಿರುಗಿದಳು. “ಅವರು ಹೇಳಿದ್ದರು. ನಾ ಅಲ್ಲೇ ಕೂತಿದ್ದೆ.”

“ಹೌದು.”

“ಮತ್ಯಾಕ ಸುಮ್ಮ ಕೂತ್ರಿ? ಮುದುಕರು ಅದನ್ನ ಹೊತ್ಕೊಂಡು ಹೋದರು, ನೋಡ್ರಿ. ನಾಳಿ ಹೋಗಿ ಹೇಳಿ ಬರ್ರಿ.”

“ಹೇಳ್ತೇನಿ.”

ನಳಿಗೆ ಹಾಕಿದ ಜಾಗದಲ್ಲಿ ಕೀವಾಯಿತು, ನಂಜು ರಕ್ತಕ್ಕೆ ಇಳಿದು ಜ್ವರ ಬಂತು. ಜ್ವರದಲ್ಲೂ ಎರಡು ಸಲ ಕೇಳಿದಳು, “ಹೇಳಿದ್ರೇನು?” ಎರಡು ಸಲವೂ “ನಾಳಿ” ಎಂದೆ. ಇಪ್ಪತ್ತೊಂದನೆಯ ದಿನ ತೀರಿಕೊಂಡಳು.

ಅವಳ ಮಣ್ಣಿಗೆ ಚಾಚಾ ಬಂದಿದ್ದರು. ಎಲ್ಲರ ಹಿಂದೆ ನಿಂತಿದ್ದರು, ಕರೆದರೂ ಮುಂದೆ ಬರಲಿಲ್ಲ.

ಹೇಳಲೆಂದೇ ನಾನು ನಾಲ್ಕು ಸಲ ಬೀದರಿಗೆ ಹೋದೆ. ಮೊದಲ ಸಲ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಎರಡನೆಯ ಸಲ ಇರಲಿಲ್ಲ, ಅದು ಇನ್ನೂ ಕಷ್ಟವಾಯಿತು. ಮೂರನೆಯ ಸಲ ಹೋದಾಗ ಅವರೇ ನನ್ನ ಕೈಗೆ ಬಣ್ಣದ ಡಬ್ಬಿ, ಕುಂಚ ಕೊಟ್ಟು, “ಕನ್ನಡ ಅಕ್ಷರ ಚಂದ ಬರೀತೀರಿ, ಒಂದು ಬೋರ್ಡ್ ಬರ್ದು ಕೊಡ್ರಿ,” ಎಂದರು. ಟೈರಿಗೆ ಎಣ್ಣೆ ಹಚ್ಚಬಾರದು ಎಂದು ಬರೆದುಕೊಟ್ಟೆ. ಅಕ್ಷರ ದುಂಡಗೆ ಬಂದವು.

ನಾಲ್ಕನೆಯ ಸಲ ಬಗದಲ್ ಕಡೆಯ ಗಿರಾಕಿಯೊಬ್ಬನೊಡನೆ ವಾದ ನಡೆದಿತ್ತು.

“ಮಣ್ಣು ತಂದೇನಿ ಚಾಚಾ, ಇನ್ನೇನು ಬೇಕು? ಜಾತಕ ತರಲೇನು?”

“ಹಬ್ಬದಾಗ ಗಾಡಿಗಿ ಏನು ಹಚ್ತೀರಿ, ಅದು ಹೇಳ್ರಿ.”

“ಟೈರ್ ಮಾರ್ತೀರೋ, ಮೌಲ್ವಿ ಆಗೀರೋ?”

“ಆಣಿ ಮಾಡ್ರಿ ಹಚ್ಚಂಗಿಲ್ಲಂತ. ಇಲ್ಲಾಂದರ ಬ್ಯಾರೆ ಅಂಗಡಿಗಿ ಹೋಗ್ರಿ.”

ಅವನು ಬೈದುಕೊಳ್ಳುತ್ತ ಬೇರೆ ಅಂಗಡಿಗೇ ಹೋದ. ಹೀಗೆ ಹೋದವರು ಅವನೊಬ್ಬನೇ ಅಲ್ಲ ಎಂದು ಖಾಲಿ ಬೆಂಚು ಹೇಳುತ್ತಿತ್ತು. ಚಾಚಾ ನನ್ನ ಕಡೆ ತಿರುಗಿದರು. “ಹೋಗಲಿ ಬಿಡ್ರಿ, ಸಾಬ್. ಒಂದು ಸಲ ಸುಮ್ಮ ಕೂತು ಏನಾತು ನಮಗ ಗೊತ್ತದ.”

“ಚಾಚಾ…” ಎಂದೆ.

“ಹೇಳ್ರಿ.”

“ಹವಾ ನೋಡ್ರಿ, ಮುಂದಿಂದು ಕಡಿಮಿ ಆಗ್ಯಾದ.”

ಅವರು ನೋಡಿದರು. ಸರಿಯಾಗಿಯೇ ಇತ್ತು.

ಮುಂದಿನ ಬೇಸಿಗೆಯಲ್ಲಿ ಚಾಚಾ ಭಾಲ್ಕಿಯ ಮನೆಯಲ್ಲಿ ಹೃದಯ ನಿಂತು ತೀರಿಕೊಂಡರು. ಔರಾದದಿಂದ ಅದೇ ಗಾಡಿಯ ಮೇಲೆ ಹೋಗಿ ಮಣ್ಣು ಕೊಟ್ಟು ಬಂದೆ. ಆ ಎರಡು ಪದ ಅವರಿಗೆ ನಾನು ಹೇಳಿರಲಿಲ್ಲ.