ಕಾಟಾದ ಮುಂದಿನ ಎರಡು ಸಾಲು

ನಮ್ಮ ಜುಗೂಳದ ವಿಕ್ರಾಂತ ತೀರಿಕೊಂಡು ಬರುವ ಹುಣ್ಣಿಮೆಗೆ ಹತ್ತು ತಿಂಗಳು. ಅವನ ಅಪ್ಪ ಮಾಯಪ್ಪ ನನ್ನ ಬೆನ್ನಿಗೆ ಹುಟ್ಟಿದ ತಮ್ಮ. ಹಾಗಾಗಿ ವಿಕ್ರಾಂತನಿಗೂ ಅವನ ತಂಗಿ ಕಾಂಚನಳಿಗೂ ನಾನು ಆತ್ಯಾ.

ವಿಕ್ರಾಂತನ ವಿಷಯ ಹೇಳಬೇಕೆಂದರೆ ಮೊದಲು ಮಾಯಪ್ಪನ ಸೀಟಿಯ ವಿಷಯ ಹೇಳಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತುಂಬಿದ ಗಾಡಿಗಳು ಬಂದು ನಿಲ್ಲುವ ಬಯಲಿಗೆ ಯಾರ್ಡ್ ಅನ್ನುತ್ತಾರೆ. ಗಾಡಿ ಸಮೇತ ತೂಗುವ ದೊಡ್ಡ ತಕ್ಕಡಿಗೆ ಕಾಟಾ ಅನ್ನುತ್ತಾರೆ. ತುಂಬಿದ ಗಾಡಿಗಳದು ಒಂದು ಸಾಲು ಕಾಟಾದ ಕಡೆ, ಖಾಲಿಯಾದವುಗಳದು ಇನ್ನೊಂದು ಸಾಲು ಹೊರಗೆ. ನಡುವೆ ಬೇವಿನ ಗಿಡದ ಹತ್ತಿರ ಹಾದಿ ಇಕ್ಕಟ್ಟು. ಅಲ್ಲಿ ಎರಡು ಟ್ರ್ಯಾಕ್ಟರ್ ಎದುರುಬದುರಾದರೆ ಮುಗಿಯಿತು. ನೀ ಹಿಂದ ಸರಿ ಅಂದರೆ ನೀ ಹಿಂದ ಸರಿ. ಹಿಂದೆ ಇಡೀ ಯಾರ್ಡ್ ನಿಂತುಬಿಡುತ್ತಿತ್ತು. ಆಗ ಮಾಯಪ್ಪ ಸೀಟಿ ಊದಿಕೊಂಡು ನಡುವೆ ಹೋಗಿ ನಿಲ್ಲುತ್ತಿದ್ದ. ಹಂಗಾಮಿನಲ್ಲಿ ಅವನಿಗೆ ಅದೇ ಕೆಲಸ.

ನಾನು ಬುತ್ತಿ ಒಯ್ದಾಗ ಒಮ್ಮೆ ಕಿವಿಯಾರೆ ಕೇಳಿದ್ದೇನೆ.

"ಏ ಮಾಯ್ಯಾ, ಯಾರ ಗಾಡಿ ಗೊತ್ತೈತೇನ ಇದು?" ಅಂತ ಟ್ರ್ಯಾಕ್ಟರ್ ಮೇಲಿಂದ ಒಬ್ಬ ಗದರಿದ.

"ಗೊತ್ತೈತ್ರಿ," ಅಂದ ಮಾಯಪ್ಪ. "ಕಡೀಕ ಬಂದದ್ದು. ಕಡೀಕ ಬಂದಾಂವ ಹಿಂದ ಸರೀಬೇಕ್ರಿ."

ಸುತ್ತ ನಿಂತವರು ನಕ್ಕರು. ಕೊನೆಗೆ ಬಂದಿದ್ದ ಆ ಗಾಡಿ ಹಿಂದೆ ಸರಿಯಿತು.

ಆ ಮಾಯಪ್ಪನ ಮಗ ವಿಕ್ರಾಂತ. ದಪ್ಪ ಮೂಗು, ಸಣ್ಣ ದನಿ, ಝುಣಕಾ ಕಂಡರೆ ಎರಡು ರೊಟ್ಟಿ ಹೆಚ್ಚಿಗೆ. ಅಕ್ಷರವಂತೂ ಕೋಳಿ ಕೆದರಿದ ಹಾಗೆ. ಡಿಪ್ಲೊಮಾಕ್ಕೆ ಸೀಟು ಕೊಡುವಾಗ ಅವನ ಹೆಸರು ಮೀಸಲು ಪಟ್ಟಿಯಲ್ಲಲ್ಲ, ಎಲ್ಲರ ಪಟ್ಟಿಯಲ್ಲೇ ಮೇಲೆ ಬಂದಿತ್ತು. ಆದರೂ ಜೊತೆಯ ಹುಡುಗರು ಮೂರು ವರ್ಷವೂ "ನಿಂದೇನಪಾ, ಮೀಸಲು ಸೀಟು" ಅಂದದ್ದು ಅಂದದ್ದೇ. ಅವನು ತಿರುಗಿ ಜಗಳಾಡಲಿಲ್ಲ. ಮನೆಗೆ ಬಂದು ಬುದ್ಧನ ಫೋಟೋದ ಕೆಳಗೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಓದು ಮುಗಿಸಿ ಅದೇ ಕಾರ್ಖಾನೆಯ ಕಾಟಾದಲ್ಲಿ ಕಂಪ್ಯೂಟರ್ ಮುಂದೆ ಕುಳಿತ. ಪಾಳಿಗೆ ಹೋಗುವ ಮೊದಲು ಬೆಳಿಗ್ಗೆ ಎರಡು ತಾಸು ಅವನಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಪಗಾರವಿಲ್ಲ. ಡೇಟಾಬೇಸ್ ಅಂತ ಒಂದಿದೆಯಂತೆ, ಆಸ್ಪತ್ರೆಯವರು, ರೈಲಿನವರು ಜನರ ಹೆಸರು ವಿಳಾಸ ಕೂಡಿಡುವುದು ಅದರಲ್ಲಿ. ಅಂಥ ಒಂದು ದೊಡ್ಡ ಡೇಟಾಬೇಸನ್ನು ದೇಶದೇಶದ ಮಂದಿ ಕೂಡಿ ಬರೆದು ಎಲ್ಲರಿಗೂ ಪುಕ್ಕಟೆ ಕೊಡುತ್ತಾರಂತೆ. ಬರೆದದ್ದನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಿ ಕಳಿಸಬಹುದು. ಅದರಲ್ಲಿ ನಮ್ಮ ವಿಕ್ರಾಂತನ ಕೈಯೂ ಇತ್ತು.

"ಅಲ್ಲೆ ನಿನ್ನ ಜಾತಿ ಕೇಳೂದಿಲ್ಲೇನೋ?" ಅಂದೆ ಒಮ್ಮೆ.

"ನನ್ನ ಮಾರೀನs ನೋಡಿಲ್ಲ ಆತ್ಯಾ ಅವ್ರು. ಬರದದ್ದು ಅಷ್ಟ ನೋಡ್ತಾರ." ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಮಾಯಪ್ಪ ತೀರಿಕೊಂಡ ವರ್ಷ ವಿಕ್ರಾಂತ ಒಂದು ಭಾಗವನ್ನು ಬರೆದು ಮುಗಿಸಿ ನನಗೆ ತೋರಿಸಿದ. ಮೇಲಿಂದ ಕೆಳಗೆ ಇಂಗ್ಲಿಷು. ನಾನು ಕಲಿತದ್ದು ಮೂರನೆಯ ಇಯತ್ತೆಯ ಕನ್ನಡ. ಸುಮ್ಮನೆ ನೋಡುತ್ತಾ ಹೋದೆ. ಒಂದು ಕಡೆ ಕಣ್ಣು ನಿಂತಿತು. ಸಣ್ಣ ಗೆರೆ, ಅಕ್ಷರ ಜೋಡಿಸಿ ಎರಡು ಸಾಲು ಮಾಡಿದ್ದ. ನಡುವೆ ಇಕ್ಕಟ್ಟು. ಅಲ್ಲಿ ಒಂದೇ ಒಂದು ಅಕ್ಷರ ನಿಂತಿತ್ತು.

"ಇದು ನಮ್ಮ ಯಾರ್ಡ್ ಅಲ್ಲೇನೋ?"

ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಹೆಂಗ ಗೊತ್ತಾತು ನಿನಗ?"

"ಈ ನಡಬರಕ ನಿಂತಾಂವ ಯಾರು?"

"ಎಂ. ಮಾಯಪ್ಪನ ಎಂ."

ಡೇಟಾಬೇಸಿನೊಳಗೂ ಎರಡು ಕೆಲಸ ಒಂದಕ್ಕೊಂದು ಅಡ್ಡ ನಿಂತು ಹಾದಿ ಕಾಯುವುದುಂಟಂತೆ. ಯಾರೋ ಒಬ್ಬರು ನಡುವೆ ನಿಂತು ಒಂದನ್ನು ಹಿಂದೆ ಸರಿಸಬೇಕು. ವಿಕ್ರಾಂತ ಬರೆದದ್ದು ಅದನ್ನೇ. ಮುಂದೆ ಓದುವವರಿಗೆ ತಿಳಿಯಲಿ ಅಂತ ಪಕ್ಕದಲ್ಲಿ ಯಾರ್ಡಿನ ಚಿತ್ರ ಬಿಡಿಸಿದ್ದ.

ಆದರೆ ಅಲ್ಲಿ ಒಂದು ಪದ್ಧತಿ. ಬರೆಯುವವರು ಸಾವಿರಾರು, ಒಬ್ಬೊಬ್ಬರ ಕೈ ಒಂದೊಂದು ಥರ. ಒಬ್ಬ ಜಾಗ ಬಿಟ್ಟು ಬರೆಯುತ್ತಾನೆ, ಒಬ್ಬ ಒತ್ತಿ ಬರೆಯುತ್ತಾನೆ. ಅದಕ್ಕೆ ವರ್ಷಕ್ಕೊಮ್ಮೆ ಎಲ್ಲರ ಬರಹದ ಮೇಲೂ ಕಂಪ್ಯೂಟರಿನೊಳಗಿನದೇ ಒಂದು ಯಂತ್ರ ಹಾಯಿಸುತ್ತಾರೆ. ಅದು ಅರ್ಥಕ್ಕೆ ಕೈ ಹಚ್ಚುವುದಿಲ್ಲ. ಸಾಲುಗಳನ್ನು ಮಾತ್ರ ಒಂದೇ ಅಳತೆಗೆ ತರುತ್ತದೆ.

"ಹೊಲಕ್ಕ ಕುಂಟಿ ಹೊಡದಂಗ?" ಅಂದಿದ್ದೆ.

"ಹಂಗ ಅನ್ನ. ನನ್ನಂಥಾ ಕೋಳಿಕಾಲ ಅಕ್ಷರದವಗ ಅದು ಭಾಳ ಚಲೋ," ಅಂತ ನಕ್ಕಿದ್ದ.

ಆ ಯಂತ್ರಕ್ಕೆ ಚಿತ್ರ ತಿಳಿಯುವುದಿಲ್ಲ. ಅದೂ ಮಾತೇ ಅಂದುಕೊಂಡು ಗೆರೆ, ಅಕ್ಷರ ಎಲ್ಲ ಒಟ್ಟಿಗೆ ನೂಕಿಬಿಟ್ಟಿತು. ಯಾರ್ಡ್ ಹೋಗಿ ಕಸದ ರಾಶಿಯಾಯಿತು. ವಿಕ್ರಾಂತ ಮತ್ತೆ ಕುಳಿತು ಚಿತ್ರ ಬಿಡಿಸಿದ. ಮರುವರ್ಷವೂ ಹಾಗೇ ಆಯಿತು, ಮತ್ತೆ ಬಿಡಿಸಿದ. ಅಲ್ಲಿಯ ಹಿರಿಯರು ಹೇಳಿದರಂತೆ: ಚಿತ್ರದ ತಲೆಯ ಮೇಲೆ ಗೆರೆಗಳ ಒಂದು ಸಾಲು ಹಾಕು, ಯಂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಅಷ್ಟೇ ಕೆಲಸ. ಇವನು ಹಾಕಲಿಲ್ಲ.

ಕಾಗವಾಡದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕಾಂಚನ ಅವನನ್ನು ನನ್ನ ಎದುರಿಗೇ ಬೈದಳು. "ದಾದಾ, ಒಂದ ಗೆರಿ ಎಳ್ಯಾಕ ನಿನಗೇನ ಧಾಡಿ?"

"ಎಲ್ಲಾರ ಸಾಲಿನ ಮ್ಯಾಲೆ ಹಾಯೂದು ನನ್ನ ಸಾಲಿನ ಮ್ಯಾಲೂ ಹಾಯ್ಲಿ. ಇದಷ್ಟ ಬ್ಯಾರೆ ಅಂತ ನನ್ನ ಕೈಲೆ ಬರ್ಯಾಂವ ಅಲ್ಲ ನಾ."

"ಎಲ್ಲಾರೂ ಹಾಕ್ತಾರೋ ಮಾರಾಯಾ, ಅದರಾಗೇನೈತಿ?"

"ಅವ್ರು ಹಾಕ್ಲಿ. ಚಾದ ಅಂಗಡ್ಯಾಗ ನಮಗ ಬ್ಯಾರೆ ಕಪ್ಪು ಇಟ್ಟದ್ದು ಅಪ್ಪ ನೋಡ್ಯಾನ. ಕಾಲೇಜಿನಾಗ ನನ್ನ ಸೀಟಿಗೆ ಏನಂದ್ರು ನೀ ಕೇಳೀದಿ. ಈ ಡೇಟಾಬೇಸಿನಾಗ ಅಷ್ಟ ನಾ ಎಲ್ಲಾರಂಗ ಅದೀನಿ."

"ಹಂಗಾರ ವರ್ಷಾ ಚಿತ್ರ ತಕ್ಕೋಂತ ಕೂಡಾಂವೇನ?"

"ಕೂಡ್ತೀನಿ. ಎಲ್ಲಿ ಹೋಗ್ತೀನಿ ನಾ?"

ಮುಂದಿನ ವರ್ಷವೇ ಹೋದ. ಎರಡೂ ಮೂತ್ರಪಿಂಡ ಕೈಬಿಟ್ಟಿದ್ದವು. ವಾರಕ್ಕೆ ಎರಡು ಸಲ ಮೀರಜಿಗೆ ಕರೆದೊಯ್ದು ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದೆವು. ಬಸ್ಸಿನಲ್ಲಿ ಅವನ ತಲೆ ನನ್ನ ಭುಜದ ಮೇಲೆ ಇರುತ್ತಿತ್ತು. ಮೂವತ್ತಾರು ವರ್ಷದವನ ತಲೆ ಅಷ್ಟು ಹಗುರಾಗಬಾರದು. ಕೊನೆಯ ವಾರದಲ್ಲಿ ಕಾಂಚನಳನ್ನು ಹತ್ತಿರ ಕರೆದ.

"ಈ ಸಲ ಯಂತ್ರ ಹಾದ ಮ್ಯಾಲೆ ಚಿತ್ರ ನೀ ತಗೀವಾ. ಗೆರಿ ಮಾತ್ರ ಹಾಕಬ್ಯಾಡ."

"ತಗೀತೀನಿ," ಅಂದಳು.

ಅವಳು ಮರೆಯಲಿಲ್ಲ. ಈ ವರ್ಷವೂ ಯಂತ್ರ ಹಾದು ಚಿತ್ರ ಕಸವಾದ ಮೇಲೆ ಬಿಡಿಸಲು ಕುಳಿತಳು. ಆದರೆ ಅಷ್ಟರಲ್ಲಿ ಅಲ್ಲಿ ಪದ್ಧತಿ ಬದಲಾಗಿತ್ತು. ವರ್ಷಕ್ಕೊಮ್ಮೆ ಹಾಯುತ್ತಿದ್ದ ಯಂತ್ರ ಈಗ ಬಾಗಿಲಲ್ಲೇ ನಿಂತಿದೆಯಂತೆ. ಯಾರು ಏನು ಕಳಿಸಿದರೂ ಅಲ್ಲೇ ಅಳೆಯುತ್ತದೆ. ಅಳತೆಗೆ ಬಾರದ್ದನ್ನು ಒಳಗೆ ಬಿಡುವುದಿಲ್ಲ. ಕಾಂಚನ ಅಣ್ಣ ಬಿಡಿಸಿದ್ದ ಚಿತ್ರವನ್ನು ಇದ್ದ ಹಾಗೇ ಬಿಡಿಸಿ ಕಳಿಸಿದಳು. ತಿರುಗಿ ಬಂತು. ಮೂರು ಸಲ ಕಳಿಸಿದಳು, ಮೂರು ಸಲವೂ ತಿರುಗಿ ಬಂತು. ಹಿರಿಯರಿಗೆ ಪತ್ರ ಬರೆದಳು. ಅವರಲ್ಲೊಬ್ಬರು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಿದ್ದರು. ವಿಕ್ರಾಂತ ಹೋದದ್ದು ನಮಗೆ ಗೊತ್ತಿರಲಿಲ್ಲ, ಕೇಳಿ ಸಂಕಟವಾಯಿತು, ಚಿತ್ರ ಉಳಿಯಬೇಕಾದರೆ ಮೇಲೆ ಗೆರೆ ಹಾಕು ತಾಯಿ, ಇಲ್ಲವಾದರೆ ಮಾತಿನಲ್ಲಿ ಬರೆದು ಕಳಿಸು, ನಿಯಮ ಎಲ್ಲರಿಗೂ ಒಂದೇ, ಅಂತ.

ಆ ಕಾಗದವನ್ನು ನನಗೆ ಕನ್ನಡದಲ್ಲಿ ಓದಿ ಹೇಳಲು ಒಂದು ಆದಿತ್ಯವಾರ ಬಂದಳು. ಹೇಳಿ ಮುಗಿಸಿ ನನ್ನ ಮುಂದೆ ಕುಳಿತು ಅವರೆಕಾಯಿ ಸುಲಿಯತೊಡಗಿದಳು. ಸುಲಿದ ಕಾಳನ್ನು ಸಿಪ್ಪೆಯ ಬುಟ್ಟಿಗೆ ಹಾಕುತ್ತಿದ್ದಳು.

"ಗೆರಿ ಹಾಕಿದ್ರ ಅಪ್ಪ ಅಲ್ಲೆ ನಿಂತಿರ್ತಾನ ಆತ್ಯಾ. ಆದ್ರ ದಾದಾಗ ಮಾತ ಕೊಟ್ಟೀನಿ. ಏನ ಮಾಡ್ಲಿ, ಹೇಳ."

"ನಾ ಏನ ಹೇಳ್ಲಿ? ನಿಮ್ಮಪ್ಪ ಇದ್ದಿದ್ರ ಏನಂತಿದ್ದ?"

ಇನ್ನೆರಡು ಕಾಯಿ ಸುಲಿದಳು. ಆಮೇಲೆ ಅಂದಳು: "ಅಂವಾ ಏನಂತಾನ, ಒಂದs ಮಾತು. ಕಡೀಕ ಬಂದಾಂವ ಹಿಂದ ಸರಿ." ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಯಂತ್ರದ ಎದುರು ಬಾಗಲದಾಗ ಕಡೀಕ ಬಂದಾಕಿ ನಾನs ಅಲ್ಲೇನ?"

ಅಲ್ಲೇ ತನ್ನ ಲ್ಯಾಪ್‌ಟಾಪ್ ತೆರೆದು ಚಿತ್ರವನ್ನು ಅಳಿಸಿದಳು. ಆ ಜಾಗದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದಳು. ನಾನು ಚಹಾ ಇಳಿಸುವಷ್ಟರಲ್ಲಿ ಯಂತ್ರವೂ, ಆಮೇಲೆ ಆ ಹಿರಿಯರೂ ಅದನ್ನು ಒಳಗೆ ತೆಗೆದುಕೊಂಡರು ಅಂದಳು.

ನಾನು ಚಾಳೀಸು ಹಾಕಿಕೊಂಡು ನೋಡಿದೆ. ನಾಲ್ಕೂ ಸಾಲು ಒಂದೇ ಅಳತೆಯವು. ಮೇಲಿನವು, ಕೆಳಗಿನವು ಎಲ್ಲಾ ಅಂಥವೇ.

"ಯಾರ್ಡ್ ಎಲ್ಲೈತಿ?"

"ಇಲ್ಲೆ ಆತ್ಯಾ. ಎರಡು ಎದುರಬದರ ನಿಂತ್ರ ಕಡೀಕ ಬಂದದ್ದು ಹಿಂದ ಸರೀಬೇಕು ಅಂತ ಬರದೀನಿ."

"ಹಿಂದ ಸರಿ ಅಂತ ಹೇಳಾಂವ ಎಲ್ಲಿ ಅದಾನ?"

"ಅಂವನ್ನ ಬರದಿಲ್ಲ. ಕೆಲಸಕ್ಕ ಅದು ಬೇಕಾಗೂದಿಲ್ಲ." ಮತ್ತೆ ಅಂದಳು, "ಹಳೇ ಪ್ರತಿ ಒಳಗ ದಾದಾನ ಚಿತ್ರ ಹಂಗ ಐತಿ. ಹುಡಕಿ ತಗದ್ರ ಸಿಗತೈತಿ."

ಹುಡುಕುವವರಾದರೂ ಯಾರು? ಅಷ್ಟೊಂದು ಬರಹದಲ್ಲಿ ನನಗೆ ಓದಲು ಬರುತ್ತಿದ್ದದ್ದು ಆ ಚಿತ್ರವೊಂದೇ. ಅದಿದ್ದ ಜಾಗದ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ಹೊತ್ತಾದ ಮೇಲೆ ಪರದೆ ತಾನಾಗಿ ಆರಿತು. ಕಾಂಚನ ಅದನ್ನು ಮತ್ತೆ ಹೊತ್ತಿಸಲಿಲ್ಲ. ಬುಟ್ಟಿಯನ್ನು ಎಳೆದುಕೊಂಡು ಸಿಪ್ಪೆಯೊಳಗಿನ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು.